ಲೊಂಬೊಕ್‌ನ ಹಳ್ಳಿಯಲ್ಲಿ ಮನೆ ಮಾಡೋದು ಹೇಗೆ? ದುಡ್ಡು ಹಾಕುವ ಮುಂಚೆ ನೋಡಬೇಕಾದ್ದೇನು?

ಬಾಲಿಗೆ ಹೋಗಿ ಬಂದವರ ಬಾಯಲ್ಲಿ ಈಗ ಪಕ್ಕದ ದ್ವೀಪ, ಇಂಡೊನೇಷ್ಯಾದ್ದೇ ಆದ ಲೊಂಬೊಕ್‌ನ ಹೆಸರು ಜಾಸ್ತಿ ಕೇಳಿಬರುತ್ತಿದೆ. ಬೆಂಗಳೂರಿನಿಂದ ಬಾಲಿಯ ಡೆನ್‌ಪಸಾರ್‌ಗೆ 2024ರ ಮಾರ್ಚ್‌ನಲ್ಲಿ ನೇರ ವಿಮಾನ ಶುರುವಾಯಿತು. ಅಲ್ಲಿಂದ ಲೊಂಬೊಕ್‌ಗೆ ಮುಕ್ಕಾಲು ಗಂಟೆಯ ಹಾರಾಟ ಅಷ್ಟೇ. ಇಳಿದ ಕೂಡಲೇ ಯಾರಾದರೊಬ್ಬರು ಜಾಗ ತೋರಿಸೋಕೆ ಸಿಗುತ್ತಾರೆ. "ಇನ್ನೈದು ವರ್ಷ ನೋಡಿ ಸಾರ್, ಇದೇ ಬಾಲಿ ಆಗುತ್ತೆ" ಅನ್ನೋದು ಅವರ ಖಾಯಂ ಮಾತು.

ಆಗಬಹುದು. ಆಗದೆಯೂ ಇರಬಹುದು. ಈ ಲೇಖನ ದಕ್ಷಿಣ ಲೊಂಬೊಕ್‌ನ ಕರಾವಳಿ ಹಳ್ಳಿಗಳ ಬಗ್ಗೆ: ಕುಟಾ, ಗೆರುಪುಕ್, ಮಾವುನ್, ಸೆಲೋಂಗ್ ಬೆಲಾನಾಕ್. ಒಂದು ವಿಷಯ ಮೊದಲೇ ತಲೆಯಲ್ಲಿ ಇಟ್ಟುಕೊಳ್ಳಿ. ವಿದೇಶಿಯರಾದ ನಮಗೆ ಇಲ್ಲಿ ಹೆಚ್ಚಿನ ಸಲ ಸಿಗೋದು ಭೂಮಿ ಅಲ್ಲ, ಕೆಲವು ವರ್ಷಗಳು. 25 ವರ್ಷ, 30 ವರ್ಷ, ಹೀಗೆ. ಭೂಮಿ ಕೊಂಡೆವು ಅಂತ ಲೆಕ್ಕ ಹಾಕಿದರೆ ಲೆಕ್ಕ ಪೂರ್ತಿ ತಪ್ಪುತ್ತದೆ.

ಅಂದ ಹಾಗೆ ಬಾಲಿಯಲ್ಲೂ ಒಂದು ಕುಟಾ ಇದೆ. ಹೋಟೆಲ್ ಬುಕ್ ಮಾಡುವಾಗ ಯಾವ ಕುಟಾ ಅಂತ ನೋಡಿಕೊಳ್ಳಿ.

ಹೆಜ್ಜೆ 1: ಮೊದಲು ಬಾಡಿಗೆಗೆ ಇರಿ, ಎರಡೂ ಕಾಲ ನೋಡಿ

ಇಲ್ಲಿ ಮಳೆಗಾಲ ಸುಮಾರು ನವೆಂಬರ್‌ನಿಂದ ಮಾರ್ಚ್‌ವರೆಗೆ. ನಮ್ಮ ಮಳೆಗಾಲಕ್ಕೆ ಸರಿಯಾಗಿ ಉಲ್ಟಾ. ಬ್ರೋಕರ್ ಕಳಿಸುವ ಫೋಟೋದಲ್ಲಿ ಗುಡ್ಡ ಹಸಿರಾಗಿದ್ದರೆ ಅದು ಫೆಬ್ರವರಿಯ ಫೋಟೋ. ಅದೇ ಗುಡ್ಡ ಸೆಪ್ಟೆಂಬರ್‌ನಲ್ಲಿ ಕಂದು ಬಣ್ಣಕ್ಕೆ ತಿರುಗಿರುತ್ತದೆ. ದ್ವೀಪದ ನಡುವಿನ ರಿಂಜಾನಿ ಪರ್ವತ 3,726 ಮೀಟರ್ ಎತ್ತರ. ಅದರ ತಪ್ಪಲಿನ ಹಳ್ಳಿಗಳಿಗೆ ನೀರಿನ ಚಿಂತೆ ಕಡಿಮೆ. ದಕ್ಷಿಣದ ಕಡೆ ಮಾತ್ರ ಒಣಭೂಮಿ. ಮಳೆ ನೀರನ್ನು ಸಣ್ಣ ಕಟ್ಟೆಗಳಲ್ಲಿ ಹಿಡಿದಿಟ್ಟು ಒಂದು ಬೆಳೆ ಭತ್ತ ತೆಗೆಯುವ ಊರುಗಳಿವು. ಬೇಸಿಗೆಯ ಕೊನೆಯಲ್ಲಿ ಟ್ಯಾಂಕರ್ ಓಡಾಡುತ್ತದೆ.

ಹಾಗಾಗಿ ಒಣಗಾಲದ ಕೊನೆಯಲ್ಲಿ, ಅಂದರೆ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ, ಒಂದಷ್ಟು ದಿನ ಇರಿ. ಜನವರಿಯಲ್ಲಿ ಇನ್ನೊಂದಷ್ಟು ದಿನ. ಮೊದಲನೆಯದರಲ್ಲಿ ನೀರಿನ ಸಂಕಟ ಗೊತ್ತಾಗುತ್ತದೆ, ಎರಡನೆಯದರಲ್ಲಿ ರಸ್ತೆ ಮತ್ತು ಕೆಸರಿನ ಕಥೆ.

ಜಾಗದ ಪಕ್ಕದ ಮನೆಯಲ್ಲಿ ಹೋಂಸ್ಟೇ ಇದ್ದರೆ ಅಲ್ಲೇ ಉಳಿಯಿರಿ. ಲೊಂಬೊಕ್‌ಗೆ "ಸಾವಿರ ಮಸೀದಿಗಳ ದ್ವೀಪ" ಅಂತಲೇ ಹೆಸರು. ಬೆಳಗಿನ ಜಾವ ನಾಲ್ಕೂವರೆಗೆ ಧ್ವನಿವರ್ಧಕ ಶುರುವಾಗುತ್ತದೆ. ಅದು ಆ ಊರಿನ ಬದುಕು. ನಾವು ಹೋಗಿ ದೂರು ಕೊಡುವ ವಿಷಯವಲ್ಲ. ನಿಮಗೆ ನಿದ್ದೆ ಬರುತ್ತದೋ ಇಲ್ಲವೋ ಅನ್ನೋದನ್ನ ಮಾತ್ರ ದುಡ್ಡು ಕೊಡುವ ಮುಂಚೆ ತಿಳಿದುಕೊಳ್ಳಿ.

ಹೆಜ್ಜೆ 2: ವೀಸಾ

ಭಾರತೀಯರಿಗೆ ವೀಸಾ ಆನ್ ಅರೈವಲ್ ಇದೆ. 5 ಲಕ್ಷ ರುಪಿಯಾ ಶುಲ್ಕ, 30 ದಿನ, ಒಂದು ಸಲ ಇನ್ನೂ 30 ದಿನ ವಿಸ್ತರಿಸಬಹುದು. ಲಕ್ಷ ಅಂದ ತಕ್ಷಣ ಗಾಬರಿ ಬೇಡ. ನಮ್ಮ ಒಂದು ರೂಪಾಯಿಗೆ ಸುಮಾರು 180-190 ರುಪಿಯಾ ಬರುತ್ತದೆ. ಜಾಗ ನೋಡೋಕೆ ಈ ವೀಸಾ ಸಾಕು. ಆದರೆ ಇದರಲ್ಲಿ ಅಲ್ಲಿ ಕೆಲಸ ಮಾಡಿ ಸಂಪಾದಿಸುವ ಹಾಗಿಲ್ಲ. ವಿಲ್ಲಾ ಬಾಡಿಗೆಗೆ ಕೊಟ್ಟು ಅತಿಥಿಗಳನ್ನು ನೀವೇ ನೋಡಿಕೊಳ್ಳೋದೂ ಕೆಲಸವೇ. ಸಿಕ್ಕಿಬಿದ್ದರೆ ಗಡಿಪಾರು. ಅವಧಿ ಮೀರಿ ಉಳಿದರೆ ದಿನಕ್ಕೆ 10 ಲಕ್ಷ ರುಪಿಯಾ ದಂಡ.

ಬೆಂಗಳೂರಿನ ಕಂಪನಿಗೆ ಲ್ಯಾಪ್‌ಟಾಪ್‌ನಲ್ಲಿ ಕೆಲಸ ಮಾಡುತ್ತಾ ಅಲ್ಲಿರಬೇಕು ಅನ್ನುವವರಿಗೆ ಇ33ಜಿ ಅನ್ನುವ ರಿಮೋಟ್ ವರ್ಕರ್ ವೀಸಾ ಇದೆ. ಒಂದು ವರ್ಷದ್ದು. ಅದಕ್ಕೆ ವರ್ಷಕ್ಕೆ 60,000 ಡಾಲರ್ ಆದಾಯ ತೋರಿಸಬೇಕು. ನಮ್ಮ ಲೆಕ್ಕದಲ್ಲಿ ಅರ್ಧ ಕೋಟಿ ದಾಟುತ್ತದೆ. ಹೂಡಿಕೆದಾರರ ವೀಸಾಕ್ಕೆ ಕಂಪನಿ ಬೇಕು. ಆ ಕಥೆ ಮುಂದೆ ಬರುತ್ತದೆ.

ಹೆಜ್ಜೆ 3: ಕಾನೂನು ಏನು ಕೊಡುತ್ತದೆ, ಏನು ಕೊಡೋದಿಲ್ಲ

ಇಂಡೊನೇಷ್ಯಾದ ಭೂಮಿಯ ಮೂಲ ಕಾನೂನು 1960ರದ್ದು, ಆ ವರ್ಷದ 5ನೇ ಕಾಯ್ದೆ. ಅದರ ಪ್ರಕಾರ ಪೂರ್ಣ ಒಡೆತನ, ಅಂದರೆ ಹಾಕ್ ಮಿಲಿಕ್, ಅಲ್ಲಿನ ಪ್ರಜೆಗಳಿಗೆ ಮಾತ್ರ. ನಮಗೆ ಉಳಿಯುವ ದಾರಿ ಮೂರು.

ಮೊದಲನೆಯದು ಹಾಕ್ ಸೇವಾ. ಗುತ್ತಿಗೆ. ಮಾಲೀಕನ ಜೊತೆ ಒಪ್ಪಂದ ಮಾಡಿಕೊಂಡು ಇಷ್ಟು ವರ್ಷಕ್ಕೆ ಅಂತ ಪೂರ್ತಿ ದುಡ್ಡು ಮೊದಲೇ ಕೊಡೋದು. ಹಳ್ಳಿಗಳಲ್ಲಿ ವಿದೇಶಿಯರು ಹೆಚ್ಚಾಗಿ ಹಿಡಿಯುವ ದಾರಿ ಇದೇ. ಬೆಂಗಳೂರಿನ ಲೀಸ್ ಮನೆ ಜೊತೆ ಇದನ್ನು ಕಲಸಿಕೊಳ್ಳಬೇಡಿ. ಅಲ್ಲಿ ಅವಧಿ ಮುಗಿದ ಮೇಲೆ ಮಾಲೀಕ ದುಡ್ಡು ವಾಪಸ್ ಕೊಡಬೇಕು. ಇಲ್ಲಿ ಒಂದು ಪೈಸೆಯೂ ವಾಪಸ್ ಬರೋದಿಲ್ಲ. ಒಪ್ಪಂದದಲ್ಲಿ ಬೇರೆ ರೀತಿ ಬರೆಯದಿದ್ದರೆ ನೀವು ಕಟ್ಟಿದ ಮನೆಯೂ ಮಾಲೀಕನಿಗೇ ಹೋಗುತ್ತದೆ ಅಂತಲೇ ಲೆಕ್ಕ ಹಾಕಿ.

ಎರಡನೆಯದು ಹಾಕ್ ಪಾಕೈ, ಬಳಕೆಯ ಹಕ್ಕು. ಅಲ್ಲಿ ವಾಸದ ಪರವಾನಗಿ ಇರುವ ವಿದೇಶಿಯರಿಗೆ ಮನೆಯ ಮೇಲೆ ಇದು ಸಿಗುತ್ತದೆ. 30 ವರ್ಷ, ಆಮೇಲೆ 20 ವರ್ಷ ವಿಸ್ತರಣೆ, ಮತ್ತೆ 30 ವರ್ಷ ನವೀಕರಣ. ಇದು ಸರ್ಕಾರದ ದಾಖಲೆಯಲ್ಲಿ ನಿಮ್ಮ ಹೆಸರಲ್ಲೇ ಬರುತ್ತದೆ. ಆದರೆ ಪ್ರಾಂತ್ಯಕ್ಕೆ ಇಷ್ಟು ಅಂತ ಕನಿಷ್ಠ ಬೆಲೆ ನಿಗದಿ ಇದೆ, ಸಣ್ಣ ಹಳ್ಳಿ ಮನೆಗೆ ಹೊಂದೋದಿಲ್ಲ.

ಮೂರನೆಯದು ವಿದೇಶಿ ಹೂಡಿಕೆಯ ಕಂಪನಿ, ಪಿಟಿ ಪಿಎಂಎ. ಕಂಪನಿ ಹೆಸರಲ್ಲಿ ಕಟ್ಟಡ ಕಟ್ಟುವ ಹಕ್ಕು ಸಿಗುತ್ತದೆ. ಅತಿಥಿಗಳನ್ನು ಇಟ್ಟುಕೊಂಡು ವ್ಯವಹಾರ ಮಾಡಬೇಕಾದರೆ ಸರಿಯಾದ ದಾರಿ ಇದು. ಆದರೆ ಒಟ್ಟು ಹೂಡಿಕೆ 1,000 ಕೋಟಿ ರುಪಿಯಾ ದಾಟಬೇಕು ಅನ್ನೋದು ಸಾಮಾನ್ಯ ನಿಯಮ. ನಮ್ಮ ದುಡ್ಡಲ್ಲಿ ಐದು ಕೋಟಿಗೂ ಮೇಲೆ. 2025ರಲ್ಲಿ ಕನಿಷ್ಠ ಪಾವತಿ ಬಂಡವಾಳವನ್ನು, ಅಂದರೆ ಷೇರುದಾರರು ನಿಜವಾಗಿ ಹಾಕಬೇಕಾದ ದುಡ್ಡನ್ನು, 250 ಕೋಟಿ ರುಪಿಯಾಕ್ಕೆ ಇಳಿಸಿದರು. ಒಟ್ಟು ಹೂಡಿಕೆಯ ಮಿತಿ ಮಾತ್ರ ಹಾಗೇ ಇದೆ. ಒಂದು ಸಣ್ಣ ಹೋಂಸ್ಟೇ ಹಾಕೋಣ ಅನ್ನುವವರಿಗೆ ಇದು ಹೇಳಿ ಮಾಡಿಸಿದ್ದಲ್ಲ.

ನಾಲ್ಕನೇ ದಾರಿಯೂ ಇದೆ ಅಂತ ನಿಮಗೆ ಯಾರಾದರೂ ಹೇಳೇ ಹೇಳುತ್ತಾರೆ. ಸ್ಥಳೀಯರೊಬ್ಬರ ಹೆಸರಲ್ಲಿ ಖರೀದಿ ಮಾಡಿ, ಹಿಂದಿನಿಂದ ಒಂದು ಕಾಗದ ಬರೆಸಿಕೊಳ್ಳೋದು. ಬೇನಾಮಿ, ಅಲ್ವಾ? 1960ರ ಕಾಯ್ದೆಯ 26ನೇ ಕಲಂ ಇದಕ್ಕೆ ಸರಿಯಾಗಿಯೇ ಬರೆದಿದೆ. ನೇರವಾಗಿಯೋ ಸುತ್ತುಬಳಸಿಯೋ ವಿದೇಶಿಯನಿಗೆ ಒಡೆತನ ಕೊಡುವ ವ್ಯವಹಾರ ಅಸಿಂಧು, ಭೂಮಿ ಸರ್ಕಾರಕ್ಕೆ, ಮಾರಿದವನಿಗೆ ಕೊಟ್ಟ ದುಡ್ಡನ್ನು ವಾಪಸ್ ಕೇಳುವ ಹಾಗಿಲ್ಲ. ಆ ಕೊನೆಯ ಮಾತನ್ನು ಎರಡು ಸಲ ಓದಿ. "ಎಲ್ಲರೂ ಹೀಗೇ ಮಾಡ್ತಾರೆ" ಅನ್ನುವ ಬ್ರೋಕರ್‌ನಿಂದ ದೂರ ಇರಿ.

ಹೆಜ್ಜೆ 4: ಜಾಗ ನೋಡೋದು

ಇಲ್ಲಿ ಭೂಮಿ ಅಳೆಯೋದು ಆರೆ ಲೆಕ್ಕದಲ್ಲಿ. ಒಂದು ಆರೆ ಅಂದರೆ 100 ಚದರ ಮೀಟರ್. ನಮ್ಮ ಗುಂಟೆ 101 ಚದರ ಮೀಟರ್. ಹಾಗಾಗಿ ಕಣ್ಣು ಮುಚ್ಚಿಕೊಂಡು ಆರೆ ಅಂದರೆ ಗುಂಟೆ ಅಂದುಕೊಳ್ಳಬಹುದು. ಬೆಲೆ ಕೇಳುವಾಗ ಮಾತ್ರ ಹುಷಾರು. ಮಾರಾಟದ ಬೆಲೆಯನ್ನು ಆರೆಗೆ ಇಷ್ಟು ಅಂತಾರೆ, ಗುತ್ತಿಗೆಯನ್ನು ಆರೆಗೆ ವರ್ಷಕ್ಕೆ ಇಷ್ಟು ಅಂತಾರೆ. ಯಾವುದು ಅಂತ ಬಿಡಿಸಿ ಕೇಳಿ.

ಮೊದಲು ಕೇಳಬೇಕಾದ ಪ್ರಶ್ನೆ: ಸರ್ಟಿಫಿಕೇಟ್ ಇದೆಯಾ? ಭೂ ಕಚೇರಿ ಬಿಪಿಎನ್ ಕೊಟ್ಟ ಸರ್ಟಿಫಿಕೇಟ್ ಇದ್ದರೆ ಮುಂದೆ ಮಾತಾಡಿ. ಎಷ್ಟೋ ಜಾಗಗಳಿಗೆ ಹಳೇ ಕಂದಾಯದ ಚೀಟಿ ಅಥವಾ ಊರಿನ ಮುಖ್ಯಸ್ಥ ಸಹಿ ಮಾಡಿದ ಸ್ವಾಧೀನ ಪತ್ರ ಮಾತ್ರ ಇರುತ್ತದೆ. ಅದು ಒಡೆತನದ ದಾಖಲೆ ಅಲ್ಲ. ಒಂದೇ ತುಂಡಿಗೆ ಇಬ್ಬರು ಮೂವರು ಅಂಥ ಕಾಗದ ಹಿಡಿದು ಬರಬಹುದು. ಸರ್ಟಿಫಿಕೇಟ್ ಆಗೋವರೆಗೆ ಅಡ್ವಾನ್ಸ್ ಕೊಡಬೇಡಿ.

ನಮ್ಮ ದಿಶಾಂಕ್ ಇದ್ದ ಹಾಗೆ ಬಿಪಿಎನ್‌ನವರದ್ದು ಸೆಂತುಹ್ ತಾನಾಹ್‌ಕು ಅನ್ನುವ ಆ್ಯಪ್ ಇದೆ. ಜಾಗದಲ್ಲೇ ನಿಂತು ನಕ್ಷೆ ತೆಗೆದು ನೋಡಿ. ಸರ್ಟಿಫಿಕೇಟ್‌ನಲ್ಲಿರುವ ತುಂಡೂ ನೀವು ನಿಂತಿರುವ ತುಂಡೂ ಒಂದೇನಾ? ಸಂಶಯ ಇದ್ದರೆ ಬಿಪಿಎನ್‌ನಿಂದ ಮರುಸರ್ವೆ ಮಾಡಿಸಿ. ಸಾಲ, ತಕರಾರು ಏನಾದರೂ ಇದೆಯಾ ಅಂತ ಬಿಪಿಎನ್‌ನಲ್ಲಿ ಪರಿಶೀಲಿಸಿ ಹೇಳೋದು ಪಿಪಿಎಟಿ ಅನ್ನುವ ಅಧಿಕೃತ ಭೂ ದಸ್ತಾವೇಜುದಾರರ ಕೆಲಸ. ಬ್ರೋಕರ್ ಕರೆದುಕೊಂಡು ಹೋಗುವವರ ಬದಲು ನೀವೇ ಹುಡುಕಿದವರ ಹತ್ತಿರ ಹೋಗಿ.

ಆಮೇಲೆ ಕುಟುಂಬ. ಅಪ್ಪ ತೀರಿಕೊಂಡಿದ್ದಾರೆ, ಸರ್ಟಿಫಿಕೇಟ್ ಇನ್ನೂ ಅವರ ಹೆಸರಲ್ಲೇ ಇದೆ, ಮಕ್ಕಳು ಐದು ಜನ, ಒಬ್ಬ ಮಲೇಷ್ಯಾದಲ್ಲಿ ಕೂಲಿಗೆ ಹೋಗಿದ್ದಾನೆ. ಇದು ಲೊಂಬೊಕ್‌ನಲ್ಲಿ ತೀರಾ ಮಾಮೂಲಿ ಚಿತ್ರ. ನಮ್ಮಲ್ಲಿ ವಂಶವೃಕ್ಷ ಕೇಳುವ ಹಾಗೆ ಇಲ್ಲೂ ವಾರಸುದಾರರ ಪಟ್ಟಿ ಕೇಳಿ. ಎಲ್ಲರ ಸಹಿ ಬೇಕು. ಮಲೇಷ್ಯಾದವನದ್ದೂ.

ಕಡಲಿಗೆ ಅಂಟಿಕೊಂಡ ಜಾಗ ನೋಡಿ ಮನಸ್ಸು ಸೋಲುತ್ತದೆ. ಆದರೆ ಉಬ್ಬರದ ಗೆರೆಯಿಂದ ಕನಿಷ್ಠ 100 ಮೀಟರ್ ತೀರವಲಯ ಅಂತ 2016ರ ಅಧ್ಯಕ್ಷೀಯ ಆದೇಶ ಇದೆ. ಅಲ್ಲಿ ಮನೆ ಕಟ್ಟೋಕೆ ಅನುಮತಿ ಸಿಗುತ್ತದೆ ಅಂತ ನಂಬಿ ದುಡ್ಡು ಹಾಕಬೇಡಿ. 2025ರ ಜುಲೈನಲ್ಲಿ ಕುಟಾ ಹತ್ತಿರದ ತಂಜುಂಗ್ ಆನ್ ತೀರದಲ್ಲಿ ಸ್ಥಳೀಯರ ಅಂಗಡಿಗಳನ್ನೇ ಎತ್ತಿಸಿದರು. ಗದ್ದೆಯ ವಿಷಯವೂ ಅಷ್ಟೆ. ಸಂರಕ್ಷಿತ ಭತ್ತದ ಗದ್ದೆ ಅಂತ ನಕ್ಷೆಯಲ್ಲಿ ಗುರುತಾಗಿದ್ದರೆ ಅಲ್ಲಿ ವಿಲ್ಲಾ ಏಳೋದಿಲ್ಲ. ಜಿಲ್ಲಾ ಕಚೇರಿಯಿಂದ ವಲಯದ ಮಾಹಿತಿಯನ್ನು ಬರವಣಿಗೆಯಲ್ಲೇ ತೆಗೆದುಕೊಳ್ಳಿ.

ಕೊನೆಗೆ ಮಣ್ಣು. ದಕ್ಷಿಣ ಲೊಂಬೊಕ್‌ನ ಬಯಲಲ್ಲಿ ಸಾಕಷ್ಟು ಕಡೆ ಎರೆಮಣ್ಣು. ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರುಕು, ಮಳೆಯಲ್ಲಿ ಉಬ್ಬಿ ಅಂಟಂಟು. ಗದಗ, ಬಿಜಾಪುರ ಕಡೆಯವರಿಗೆ ವಿವರಿಸೋದು ಬೇಕಿಲ್ಲ. ಇಂಥ ನೆಲದ ಮೇಲೆ ಮಾಮೂಲಿ ಅಡಿಪಾಯ ಹಾಕಿದರೆ ಎರಡನೇ ವರ್ಷಕ್ಕೇ ಗೋಡೆ ಸೀಳುತ್ತದೆ. ಅಕ್ಟೋಬರ್‌ನಲ್ಲಿ ಹೋದಾಗ ನೆಲ ನೋಡಿ. ಅಕ್ಕಪಕ್ಕದ ಕಾಂಪೌಂಡ್ ಗೋಡೆಗಳನ್ನೂ ನೋಡಿ. ಅಡ್ಡಾದಿಡ್ಡಿ ಬಿರುಕು ಇದ್ದರೆ ಅಡಿಪಾಯದ ಖರ್ಚನ್ನು ಬೆಲೆಗೆ ಸೇರಿಸಿಕೊಂಡೇ ಚೌಕಾಸಿ ಮಾಡಿ.

ಹೆಜ್ಜೆ 5: ಲೆಕ್ಕ

ಕಾಗದ ಪೆನ್ನು ತೆಗೆದುಕೊಳ್ಳಿ. ಲೆಕ್ಕಕ್ಕೆ ಅಂತ ಇಟ್ಟುಕೊಳ್ಳೋಣ: 25 ವರ್ಷದ ಗುತ್ತಿಗೆ ಮತ್ತು ಮನೆ ಕಟ್ಟೋದು ಸೇರಿ ಒಂದು ಕೋಟಿ ರೂಪಾಯಿ. ಅನುಮತಿ, ಕಟ್ಟಡ ಅಂತ ಎರಡು ವರ್ಷ ಹೋಯಿತು. ಉಳಿದದ್ದು 23 ವರ್ಷ. ಹಾಕಿದ ದುಡ್ಡು ಸುಮ್ನೆ ವಾಪಸ್ ಬರಬೇಕಾದರೂ ಎಲ್ಲ ಖರ್ಚು ಕಳೆದು ವರ್ಷಕ್ಕೆ 4.35 ಲಕ್ಷ ಉಳಿಯಬೇಕು. ಅದೇ ದುಡ್ಡನ್ನು ಶೇ 7ರ ಎಫ್‌ಡಿಯಲ್ಲಿ ಇಟ್ಟಿದ್ದರೆ? ಆ ಮಟ್ಟಕ್ಕೆ ಬರಲು ವರ್ಷಕ್ಕೆ ಸುಮಾರು 9 ಲಕ್ಷ ಉಳಿಯಬೇಕು. ಮೊದಲ ಎರಡು ವರ್ಷ ಕಾದದ್ದನ್ನೂ ಸೇರಿಸಿದರೆ 10 ಲಕ್ಷ ದಾಟುತ್ತದೆ. ಯಾಕೆಂದರೆ ಎಫ್‌ಡಿಯಲ್ಲಿ ಕೊನೆಗೆ ಅಸಲು ಇರುತ್ತದೆ, ಇಲ್ಲಿ ಕೊನೆಗೆ ಸೊನ್ನೆ.

ಈಗ ಬ್ರೋಕರ್ ಹೇಳುವ "ಶೇ 15 ಆದಾಯ" ನೋಡಿ. ಅದು ವರ್ಷಪೂರ್ತಿ ಮನೆ ತುಂಬಿರುತ್ತದೆ ಅಂತ ಹಿಡಿದ ಲೆಕ್ಕವಾ? ಕುಟಾ ಪಕ್ಕದ ಮಂಡಾಲಿಕಾ ಟ್ರ್ಯಾಕ್‌ನಲ್ಲಿ ನಡೆಯುವ ಮೋಟೊಜಿಪಿ ಬೈಕ್ ರೇಸ್‌ನ ವಾರದಲ್ಲಿ ಕೋಣೆಗೆ ಕೇಳಿದಷ್ಟು ಬಾಡಿಗೆ ಸಿಗುತ್ತದೆ ನಿಜ. 2022ರಿಂದ ಆ ರೇಸ್ ನಡೆಯುತ್ತಿದೆ. ಆದರೆ ಅದು ವರ್ಷಕ್ಕೆ ಒಂದು ವಾರ. ಜನವರಿಯ ಜಡಿಮಳೆಯಲ್ಲಿ ಕುಟಾದ ಎಷ್ಟು ವಿಲ್ಲಾಗಳಲ್ಲಿ ರಾತ್ರಿ ದೀಪ ಉರಿಯುತ್ತದೆ ಅಂತ ಬೈಕಲ್ಲಿ ಒಂದು ಸುತ್ತು ಹೊಡೆದು ನೋಡಿ. ಯಾವ ಪ್ರಾಸ್ಪೆಕ್ಟಸ್‌ಗಿಂತಲೂ ಅದು ಒಳ್ಳೆಯ ಮಾಹಿತಿ.

ಗುತ್ತಿಗೆಯ ಬೆಲೆ ವರ್ಷ ಕಳೆದಂತೆ ಇಳಿಯುತ್ತದೆ ಅನ್ನೋದೂ ನೆನಪಿರಲಿ. ಸುತ್ತಲಿನ ಭೂಮಿಗೆ ಬೆಲೆ ಏರಿದರೆ ಲಾಭ ಮಾಲೀಕನಿಗೆ. 12 ವರ್ಷ ಉಳಿದಿರುವ ಗುತ್ತಿಗೆಯನ್ನು ಕೊಳ್ಳುವವರು ಕಡಿಮೆ. ನನ್ನನ್ನು ಕೇಳಿದರೆ, ಇಲ್ಲಿ ಬಂದು ಇರುವ ಆಸೆ ಇದ್ದವರಿಗೆ ಗುತ್ತಿಗೆ ಸರಿ. ಬರೀ ಆದಾಯಕ್ಕೆ ಅಂತ ದೂರದಿಂದ ದುಡ್ಡು ಹಾಕುವವರಿಗೆ ಸರಿಯಲ್ಲ.

ಹೆಜ್ಜೆ 6: ಒಪ್ಪಂದ

ನೋಟರಿ ಮುಂದೆ ದಸ್ತಾವೇಜು ಆಗಲಿ. ಇಂಡೊನೇಷ್ಯನ್ ಭಾಷೆಯಲ್ಲಿ ಇರಲೇಬೇಕು, 2009ರ 24ನೇ ಕಾಯ್ದೆ ಹಾಗೆ ಹೇಳುತ್ತದೆ. ಪಕ್ಕದಲ್ಲಿ ಇಂಗ್ಲಿಷ್ ಇರಲಿ. ಬರೀ ಇಂಗ್ಲಿಷ್ ಒಪ್ಪಂದ ಕೋರ್ಟಲ್ಲಿ ನಿಲ್ಲೋದು ಕಷ್ಟ.

ಮಾಲೀಕ ಜಾಗ ಮಾರಿದರೆ ಏನು ಗತಿ ಅನ್ನೋ ಭಯ ಎಲ್ಲರಿಗೂ ಇರುತ್ತದೆ. ಅಲ್ಲಿನ ಸಿವಿಲ್ ಸಂಹಿತೆಯ 1576ನೇ ಕಲಂ ಪ್ರಕಾರ ಮಾರಾಟದಿಂದ ಗುತ್ತಿಗೆ ಮುರಿಯೋದಿಲ್ಲ. ಆದರೂ ಒಪ್ಪಂದದಲ್ಲಿ ಅದನ್ನು ಬಿಡಿಸಿ ಬರೆಸಿ. ಮರುಗುತ್ತಿಗೆ ಕೊಡುವ ಹಕ್ಕು, ಕಟ್ಟುವ ಹಕ್ಕು, ನೀವು ತೀರಿಕೊಂಡರೆ ನಿಮ್ಮ ಮಕ್ಕಳಿಗೆ ಹೋಗುವ ಹಕ್ಕು, ದಾರಿಯ ಹಕ್ಕು, ಇವೆಲ್ಲ ಬರಲಿ. "ವಿಸ್ತರಣೆ ಅಂದಿನ ಮಾರುಕಟ್ಟೆ ಬೆಲೆಗೆ" ಅಂತ ಒಂದು ಸಾಲು ಇದ್ದರೆ ಅದನ್ನು ವಿಸ್ತರಣೆ ಅಂತ ಲೆಕ್ಕಕ್ಕೇ ಹಿಡಿಯಬೇಡಿ. ಬೆಲೆ ಕಟ್ಟುವ ಸೂತ್ರ ಈಗಲೇ ಬರೆದಿದ್ದರೆ ಮಾತ್ರ ಅದಕ್ಕೆ ಅರ್ಥ.

ಮಾಲೀಕನ ಅಸಲು ಸರ್ಟಿಫಿಕೇಟ್ ಅವಧಿ ಮುಗಿಯುವ ತನಕ ನೋಟರಿ ಹತ್ತಿರ ಇಡಿಸಿ. ಗುತ್ತಿಗೆ ಸಾಮಾನ್ಯವಾಗಿ ಸರ್ಟಿಫಿಕೇಟ್‌ನಲ್ಲಿ ದಾಖಲಾಗೋದಿಲ್ಲ. ಕಾಗದ ಮಾಲೀಕನ ಕೈಯಲ್ಲಿದ್ದರೆ ಅದರ ಮೇಲೆ ಬ್ಯಾಂಕ್ ಸಾಲ ಎತ್ತುವ ದಾರಿ ಅವನಿಗೆ ತೆರೆದಿರುತ್ತದೆ. ಬಾಡಿಗೆಯ ಮೇಲೆ ಶೇ 10 ಅಂತಿಮ ತೆರಿಗೆ ಇದೆ. ಕಾನೂನು ಪ್ರಕಾರ ಅದು ಮಾಲೀಕನ ತೆರಿಗೆ. ಹಳ್ಳಿಯಲ್ಲಿ "ನನಗೆ ಕೈಗೆ ಇಷ್ಟು ಬರಬೇಕು" ಅಂತ ಹೇಳಿ ಅದನ್ನು ನಿಮ್ಮ ತಲೆಗೆ ಕಟ್ಟೋದು ಮಾಮೂಲಿ. ಬೆಲೆ ಮಾತಾಡುವಾಗಲೇ ಇತ್ಯರ್ಥ ಮಾಡಿಕೊಳ್ಳಿ.

ಹೆಜ್ಜೆ 7: ಮನೆ ಕಟ್ಟೋದು

2018ರ ಜುಲೈ-ಆಗಸ್ಟ್‌ನಲ್ಲಿ ಲೊಂಬೊಕ್ ಸಾಲುಸಾಲು ಭೂಕಂಪ ಕಂಡಿತು. ಆಗಸ್ಟ್ 5ರದ್ದು 6.9 ತೀವ್ರತೆ. ಐನೂರಕ್ಕೂ ಹೆಚ್ಚು ಜನ ತೀರಿಕೊಂಡರು, ಹೆಚ್ಚಿನವರು ಉತ್ತರದ ಕಡೆ. ಬಿದ್ದದ್ದು ಮುಖ್ಯವಾಗಿ ಕಂಬಿ ಇಲ್ಲದೆ ಬರೀ ಇಟ್ಟಿಗೆ, ಗಾರೆಯಲ್ಲಿ ಕಟ್ಟಿದ ಮನೆಗಳು. ಹಾಗಾಗಿ ಕಾಲಂ, ಬೀಮ್, ಎರಡರ ಜೋಡಣೆ, ಇದರಲ್ಲಿ ಕಂಜೂಸ್‌ತನ ಬೇಡ. ಚಾವಣಿ ಹಗುರವಾಗಿರಲಿ. ಕಟ್ಟಡದ ಅನುಮತಿಗೆ ಈಗ ಪಿಬಿಜಿ ಅನ್ನುತ್ತಾರೆ. ಅದು ಕೈಗೆ ಬರುವ ಮುಂಚೆ ಒಂದು ಗುದ್ದಲಿಯೂ ಬೀಳಬಾರದು.

ಕುಟಾದಿಂದ ಸ್ವಲ್ಪ ದೂರದ ಸಾಡೆ ಅನ್ನುವ ಹಳ್ಳಿಗೆ ಹೋಗಿ ಬನ್ನಿ, ಲೊಂಬೊಕ್‌ನ ಮೂಲ ಜನರಾದ ಸಸಾಕರ ಊರು. ಹುಲ್ಲಿನ ಚಾವಣಿ, ಬಿದಿರಿನ ಗೋಡೆ, ಸಗಣಿ ಸಾರಿಸಿದ ಮಣ್ಣಿನ ನೆಲ. ಗೈಡ್ ಅದನ್ನು ದೊಡ್ಡ ಅಚ್ಚರಿ ಅಂತ ತೋರಿಸುತ್ತಾನೆ. ನಮ್ಮವರಿಗೆ ಅಜ್ಜಿ ಮನೆ ಅಂಗಳ ನೆನಪಾಗುತ್ತದೆ. ಆ ಊರಿನ ಮನೆಗಳು ಗುಡ್ಡದ ಮೇಲೆ ಹೇಗೆ ಕೂತಿವೆ, ಗಾಳಿ ಎಲ್ಲಿಂದ ಬರುತ್ತದೆ ಅನ್ನೋದನ್ನ ನಿಮ್ಮ ಆರ್ಕಿಟೆಕ್ಟ್‌ಗೂ ತೋರಿಸಿ.

ದೊಡ್ಡ ಸಂಪು ಮಾಡಿಸಿ, ಚಾವಣಿಯ ಮಳೆನೀರು ಅದಕ್ಕೆ ಇಳಿಯಲಿ. ಬೋರ್ ಹೊಡೆಸೋದಾದರೆ ಕರಾವಳಿಯಲ್ಲಿ ಉಪ್ಪು ನೀರು ಬರಬಹುದು, ಪಕ್ಕದವರ ನೀರಿನ ರುಚಿ ಮೊದಲು ನೋಡಿ. ವಿದ್ಯುತ್ ಹೆಚ್ಚಿನ ಮನೆಗಳಲ್ಲಿ ಪ್ರೀಪೇಯ್ಡ್. 20 ಅಂಕಿಯ ಟೋಕನ್ ಕೊಂಡು ಮೀಟರ್‌ಗೆ ಒತ್ತಬೇಕು. ಯೂನಿಟ್ ಮುಗಿಯುತ್ತಾ ಬಂದರೆ ಮೀಟರ್ ಕೀಂ ಕೀಂ ಅಂತ ಬೊಬ್ಬೆ ಹೊಡೆಯುತ್ತದೆ, ಪಕ್ಕದ ಮನೆಯವರೂ ಬಂದು ಹೇಳುತ್ತಾರೆ. ಇಂಟರ್ನೆಟ್ ಕೇಬಲ್ ಇಲ್ಲದ ಕಡೆ ಸ್ಟಾರ್‌ಲಿಂಕ್ ಸಿಗುತ್ತದೆ, 2024ರ ಮೇನಿಂದ. ನಮ್ಮ ಊರಿನಿಂದ ಒಯ್ದ ಫೋನನ್ನು ಅಲ್ಲಿನ ಸಿಮ್‌ನಲ್ಲಿ 90 ದಿನಕ್ಕಿಂತ ಜಾಸ್ತಿ ಬಳಸಬೇಕಾದರೆ ಕಸ್ಟಮ್ಸ್‌ನಲ್ಲಿ ಐಎಂಇಐ ನೋಂದಾಯಿಸಬೇಕು.

ಹೆಜ್ಜೆ 8: ಊರಿನವರ ಜೊತೆ

ಕೇರಿಯ ಮುಖ್ಯಸ್ಥನಿಗೆ ಕದುಸ್ ಅಂತಾರೆ, ಊರಿನ ಮುಖ್ಯಸ್ಥನಿಗೆ ಕೆಪಾಲಾ ದೇಸಾ. ಜಾಗ ಗೊತ್ತು ಮಾಡುವ ಮುಂಚೆಯೇ ಹೋಗಿ ಪರಿಚಯ ಮಾಡಿಕೊಳ್ಳಿ. "ಪಾಕ್ ಕದುಸ್" ಅಂತ ಕರೆದು, ಬೆರುಗಾಕ್ ಅನ್ನುವ ಮನೆ ಮುಂದಿನ ಜಗಲಿಯಲ್ಲಿ ಕೂತು, ಕೊಟ್ಟ ಕಾಫಿ ಕುಡಿದು ಮಾತಾಡಿ. ಗಸಿ ಲೋಟದ ತಳದಲ್ಲೇ ಇರುತ್ತದೆ, ಕಲಕಬೇಡಿ. ಈ ಜಾಗದ ಮೇಲೆ ಯಾರ ಯಾರ ಜಗಳ ಇದೆ ಅಂತ ಬಿಪಿಎನ್ ಹೇಳದ್ದನ್ನು ಕದುಸ್ ಹೇಳುತ್ತಾನೆ.

ಭೂಮಿಯ ವಿಷಯ ಇಲ್ಲಿ ಸೂಕ್ಷ್ಮ. ಮಂಡಾಲಿಕಾ ಪ್ರವಾಸೋದ್ಯಮ ಯೋಜನೆಗೆ ಜನರನ್ನು ಎಬ್ಬಿಸಿದ ಬಗ್ಗೆ 2021ರಲ್ಲಿ ವಿಶ್ವಸಂಸ್ಥೆಯ ತಜ್ಞರೇ ಆತಂಕ ಹೇಳಿದ್ದರು. ಹಿಂದೆ ಅಗ್ಗಕ್ಕೆ ಮಾರಿಬಿಟ್ಟ ಕುಟುಂಬಗಳು ಈಗ ಅದೇ ಜಾಗದ ವಿಲ್ಲಾದಲ್ಲಿ ತೋಟ ನೋಡಿಕೊಳ್ಳೋದೂ ಉಂಟು. ಕಾವಲುಗಾರ, ಅಡುಗೆಯವರು, ಗಾರೆ ಕೆಲಸದವರು ಇದೇ ಕೇರಿಯವರಾಗಿರಲಿ. ಊರಿನವರು ಹಿಂದಿನಿಂದ ಓಡಾಡುತ್ತಿದ್ದ ಕಾಲುದಾರಿಗೆ ಬೇಲಿ ಹಾಕಬೇಡಿ. ಕಾವಲಿಗೆ ನಾಯಿ ಸಾಕುವ ಮುಂಚೆ ಪಕ್ಕದವರನ್ನು ಒಂದು ಮಾತು ಕೇಳಿ.

ಊಟಕ್ಕೆ ಸಸ್ಯಾಹಾರಿಗಳು ಬದುಕಿಕೊಳ್ಳಬಹುದು. ಸೋಯಾದಿಂದ ಮಾಡುವ ತೆಂಪೆ ಮತ್ತು ತಾಹು, ನುಗ್ಗೆಸೊಪ್ಪಿನ ತಿಳಿಸಾರು ಎಲ್ಲ ಕಡೆ ಸಿಗುತ್ತದೆ. ಆದರೆ ಕಂಗ್‌ಕುಂಗ್ ಸೊಪ್ಪಿನ ಮೇಲೆ ಹಾಕುವ ಕೆಂಪು ಸಾಂಬಾಲ್‌ನಲ್ಲಿ ತೆರಾಸಿ ಇರುತ್ತದೆ, ಒಣಸೀಗಡಿಯ ಮುದ್ದೆ. "ತನ್ಪಾ ತೆರಾಸಿ", ಅಂದರೆ ತೆರಾಸಿ ಇಲ್ಲದೆ, ಅಂತ ಮೊದಲೇ ಹೇಳಿ. ಗ್ಯಾಸ್ ವಿಷಯ: ಹಸಿರು ಬಣ್ಣದ 3 ಕೆಜಿ ಸಿಲಿಂಡರ್ ಮೇಲೆ "ಬಡವರಿಗೆ ಮಾತ್ರ" ಅಂತ ಬರೆದಿರುತ್ತದೆ. ಅಂಗಡಿಯವನು ಕೊಟ್ಟರೂ ತೆಗೆದುಕೊಳ್ಳಬೇಡಿ, 12 ಕೆಜಿಯದ್ದು ಸಿಗುತ್ತದೆ.

ಆಸ್ಪತ್ರೆಗೆ ದೊಡ್ಡದು ಅಂದರೆ ಮತಾರಾಮ್ ನಗರಕ್ಕೇ ಹೋಗಬೇಕು, ಕುಟಾದಿಂದ ಒಂದು ಗಂಟೆಗೂ ಮೇಲೆ. ಡೆಂಗಿ ಇದೆ. ಆರೋಗ್ಯ ವಿಮೆ ಮಾಡಿಸುವಾಗ ಬೈಕ್ ಅಪಘಾತ ಸೇರಿದೆಯಾ ನೋಡಿ. ಸರಿಯಾದ ಲೈಸೆನ್ಸ್ ಇಲ್ಲದೆ ಓಡಿಸಿದರೆ ವಿಮೆಯವರು ಕೈ ಎತ್ತುತ್ತಾರೆ.

ಹೆಜ್ಜೆ 9: ನಮ್ಮ ಕಡೆಯ ಕಾನೂನು

ಭಾರತದಲ್ಲಿ ವಾಸ ಇರುವವರು ಹಣ ಕಳಿಸೋದು ಆರ್‌ಬಿಐನ ಎಲ್‌ಆರ್‌ಎಸ್ ಅನ್ನುವ ವಿದೇಶಿ ರವಾನೆ ಯೋಜನೆಯ ಮೂಲಕ. ಒಬ್ಬರಿಗೆ ಆರ್ಥಿಕ ವರ್ಷಕ್ಕೆ 2.5 ಲಕ್ಷ ಡಾಲರ್ ಮಿತಿ. 10 ಲಕ್ಷ ರೂಪಾಯಿ ದಾಟಿದ ಮೊತ್ತಕ್ಕೆ ಬ್ಯಾಂಕ್ ಶೇ 20 ಟಿಸಿಎಸ್, ಅಂದರೆ ಮುಂಗಡವಾಗಿ ವಸೂಲು ಮಾಡುವ ತೆರಿಗೆ, ಹಿಡಿಯುತ್ತದೆ. ಅದು ಮುಂದೆ ತೆರಿಗೆಗೆ ವಜಾ ಆಗುತ್ತದೆ, ಆದರೆ ಅಲ್ಲಿಯವರೆಗೆ ದುಡ್ಡು ಸಿಕ್ಕಿಹಾಕಿಕೊಂಡಿರುತ್ತದೆ. ಮನೆ ಕಟ್ಟುವ ಕಂತುಗಳನ್ನು ಜೋಡಿಸುವಾಗ ಇದನ್ನು ಮರೆಯಬೇಡಿ. ಪಿಟಿ ಪಿಎಂಎಯಲ್ಲಿ ಷೇರು ತೆಗೆದುಕೊಳ್ಳೋದು ವಿದೇಶಿ ನೇರ ಹೂಡಿಕೆ ಆಗುತ್ತದೆ, ಅದಕ್ಕೆ ಬೇರೆ ಫಾರಂ, ಬೇರೆ ವರದಿ. ಹಣ ಕಳಿಸುವ ಮುಂಚೆಯೇ ಬ್ಯಾಂಕಿನಲ್ಲಿ ಕೇಳಿ.

ಅಲ್ಲಿ 12 ತಿಂಗಳಲ್ಲಿ 183 ದಿನಕ್ಕಿಂತ ಹೆಚ್ಚು ಇದ್ದರೆ ಇಂಡೊನೇಷ್ಯಾದ ತೆರಿಗೆ ನಿವಾಸಿ ಆಗುತ್ತೀರಿ. ಎರಡೂ ದೇಶಗಳ ನಡುವೆ ಎರಡು ಸಲ ತೆರಿಗೆ ತಪ್ಪಿಸುವ ಒಪ್ಪಂದ ಇದೆ, ಆದರೆ ಅದರ ಲಾಭ ತಾನಾಗಿ ಬರೋದಿಲ್ಲ, ಕಾಗದ ಕೊಟ್ಟು ಕೇಳಬೇಕು. ಭಾರತದಲ್ಲೇ ತೆರಿಗೆ ನಿವಾಸಿ ಆಗಿದ್ದರೆ ಅಲ್ಲಿನ ಆಸ್ತಿ, ಬ್ಯಾಂಕ್ ಖಾತೆ ಎಲ್ಲವನ್ನೂ ಪ್ರತಿ ವರ್ಷ ರಿಟರ್ನ್‌ನ ಎಫ್‌ಎ (ವಿದೇಶಿ ಆಸ್ತಿ) ಶೆಡ್ಯೂಲ್‌ನಲ್ಲಿ ತೋರಿಸಬೇಕು. ಐಟಿಆರ್-1ರಲ್ಲಿ ಆ ಶೆಡ್ಯೂಲ್ ಇಲ್ಲ, ಐಟಿಆರ್-2 ಅಥವಾ 3 ಹಾಕಬೇಕು. ಬಾಡಿಗೆ ಬರದ ವರ್ಷವೂ ತೋರಿಸಬೇಕು. ಬಿಟ್ಟರೆ 2015ರ ಕಪ್ಪುಹಣ ಕಾಯ್ದೆಯಲ್ಲಿ 10 ಲಕ್ಷ ರೂಪಾಯಿ ದಂಡ ಬೀಳಬಹುದು. ಗುತ್ತಿಗೆಗೆ ಸಹಿ ಹಾಕಿದ ವರ್ಷವೇ ಇದನ್ನು ಸಿಎಗೆ ಹೇಳಿ, ದಸ್ತಾವೇಜಿನ ಇಂಗ್ಲಿಷ್ ಪ್ರತಿ ಅವರಿಗೂ ಒಂದು ಕೊಟ್ಟಿಡಿ.